ಎಚ್ಚರಿಕೆಯ ಕರಪತ್ರವೂ ಸತ್ಯಾಣುವ್ರತವೂ

ವ್ಯಾಪಾರಿಯ ಬದುಕು ಬಹುಮಟ್ಟಿಗೆ ಕಾಗದದ ಮೇಲೆ ನಡೆಯುವ ಬದುಕು. ಬಿಲ್ಲು, ರಸೀದಿ, ಸಾಲಪತ್ರ, ದಾಸ್ತಾನು ಪುಸ್ತಕ, ಸರಕಿನ ಮೇಲೆ ಅಂಟಿಸುವ ಚೀಟಿ, ಇವುಗಳಲ್ಲಿ ಯಾವುದರೊಳಗೆ ಸುಳ್ಳು ಸೇರಿದರೂ ಅದು ಅಂಗಡಿಯ ಹೊಸ್ತಿಲು ದಾಟಿ, ಬರೆದವನು ಎಂದೂ ಕಾಣದ ಮನೆಗಳನ್ನು ಸೇರುತ್ತದೆ. ಆದುದರಿಂದಲೇ ಪೂರ್ವಾಚಾರ್ಯರು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಬಾಯಿಮಾತಿನ ದೋಷಗಳೊಡನೆ ಬರಹದ ದೋಷವನ್ನೂ ಬೇರೆಯಾಗಿ ಎಣಿಸಿದರು. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಈ ಐದು ಹೆಸರುಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಸ್ವಾಧ್ಯಾಯ ಮಾಡಿರುವ ಶ್ರಾವಕ ಶ್ರಾವಿಕೆಯರಿಗೆಲ್ಲ ಪರಿಚಿತವಾದವು. ಸಾಮಾನ್ಯವಾಗಿ ಇವನ್ನು ಕೇಡನ್ನು ಬಯಸುವವನ ದೋಷಗಳೆಂದೇ ತಿಳಿಯಲಾಗುತ್ತದೆ. ಲೋಕಹಿತವನ್ನು ಬಯಸಿ ಬರೆದ ಬರಹದೊಳಗೂ ಈ ಐದೂ ಹೇಗೆ ನುಸುಳಬಲ್ಲವು ಎಂಬುದನ್ನು, ಒಂದು ಬಸದಿಯ ವಿಶ್ವಸ್ತ ಮಂಡಳಿಯವರು ಸಿದ್ಧಪಡಿಸಿದ ಪುಟ್ಟ ಕರಪತ್ರವೊಂದರ ವೃತ್ತಾಂತವು ಚೆನ್ನಾಗಿ ತಿಳಿಸಿಕೊಡುತ್ತದೆ.

ಹಳೆಯ ಮೈಸೂರು ಸೀಮೆಯ ಆ ಊರಿನ ಬಸದಿಯ ದಫ್ತರದಲ್ಲಿ ನಾನೂರರಷ್ಟು ಮನೆಗಳ ವಿಳಾಸಗಳಿವೆ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ, ದೇಹದ ಕೊಬ್ಬನ್ನು ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಒಳಗಾದ ಇಪ್ಪತ್ತೊಂದು ವರ್ಷದ ಕಿರುತೆರೆ ನಟಿಯೊಬ್ಬರು ಮೃತಪಟ್ಟ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಅದಕ್ಕೂ ಮೊದಲು, 2016ರಲ್ಲಿ, ಚೆನ್ನೈನಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ತಲೆಗೆ ಕೂದಲು ನಾಟಿ ಮಾಡಿಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡಿದ್ದನು. ಇಂತಹ ಸುದ್ದಿಗಳು ನಾಲ್ಕು ದಿನ ಎಲ್ಲರ ಬಾಯಲ್ಲಿದ್ದು ಮರೆತುಹೋಗುತ್ತವೆ. ಜಾಹೀರಾತುಗಳಾದರೋ ದಿನದಿನವೂ ಹೊಸದಾಗಿ ಬರುತ್ತಲೇ ಇರುತ್ತವೆ. ಸಂಬಂಧ ನೋಡುವ ಕಾಲಕ್ಕೆ ಮಗಳ ಮೂಗು ತಿದ್ದಿಸಬೇಕು, ಮಗನ ಬೋಳುತಲೆ ಮುಚ್ಚಿಸಬೇಕು ಎಂದು ಒಡವೆ ಅಡವಿಟ್ಟು ಹಣ ಹೊಂದಿಸುವ ಮಾತುಗಳು ಸಮಾಜದೊಳಗೂ ಕೇಳಿಬರತೊಡಗಿದಾಗ, ಮಂಡಳಿಯವರು ಸಭೆ ಸೇರಿ ಎಚ್ಚರಿಕೆಯ ಕರಪತ್ರವೊಂದನ್ನು ಅಚ್ಚು ಹಾಕಿಸಿ ಮನೆಮನೆಗೆ ಅಂಚೆಯ ಮೂಲಕ ಕಳುಹಿಸುವುದೆಂದು ನಿರ್ಣಯಿಸಿದರು. ದೂರವಾಣಿಯ ಸಂದೇಶವನ್ನು ಎಳೆಯರು ಒಂದು ಕ್ಷಣ ನೋಡಿ ಬಿಡುತ್ತಾರೆ. ಅಂಚೆಯಲ್ಲಿ ಬಂದ ಕಾಗದವನ್ನು ಮನೆಯ ಹಿರಿಯರು ಒಡೆದು ಓದಿ, ಗೂಡಿನಲ್ಲಿ ಇರಿಸುತ್ತಾರೆ ಎಂಬುದು ಅವರ ವಿಚಾರವಾಗಿತ್ತು.

ಮೊದಲ ಕರಡನ್ನು ಉತ್ಸಾಹಿ ಯುವಕ ಸದಸ್ಯನೊಬ್ಬನು ಬರೆದನು. ಮುದ್ರಣಾಲಯದವರು ಅದಕ್ಕೆ ತಕ್ಕ ರೂಪ ಕೊಟ್ಟರು. ಮುಖಪುಟದಲ್ಲಿ ಕೆಂಪು ಮಸಿಯ ದಪ್ಪಕ್ಷರಗಳಲ್ಲಿ ‘ಸೌಂದರ್ಯ ಚಿಕಿತ್ಸೆಯೆಂದರೆ ಸಾವಿಗೆ ಆಹ್ವಾನ’ ಎಂಬ ಶೀರ್ಷಿಕೆ. ಅದರ ಕೆಳಗೆ ಎಲ್ಲಿಂದಲೋ ತೆಗೆದುಕೊಂಡ, ಊದಿ ವಿಕಾರಗೊಂಡ ಮುಖವೊಂದರ ಚಿತ್ರ. ಒಳಪುಟಗಳಲ್ಲಿ ವೈದ್ಯರನ್ನು ಕೊಲೆಗಡುಕರೆಂದು ಕರೆಯುವ ವಾಕ್ಯಗಳು, ಕನ್ನಡಿಯ ಮುಂದೆ ಹೊತ್ತು ಕಳೆಯುವ ಹೆಣ್ಣುಮಕ್ಕಳನ್ನು ಹಾಸ್ಯ ಮಾಡುವ ನಾಲ್ಕು ಸಾಲು, ಕೊನೆಗೆ ದೇಹದ ಅಶುಚಿತ್ವವನ್ನು ಕುರಿತ ದೀರ್ಘವಾದ ವರ್ಣನೆ. ಕರಡಚ್ಚನ್ನು ನೋಡಿದ ಬಹುಮಂದಿ ತಲೆದೂಗಿದರು. ಸಭೆಯಲ್ಲಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಯವರು ಮಾತ್ರ ಅದನ್ನು ಎರಡು ಸಲ ಓದಿ, “ಅಪ್ಪಾ, ಇದರಲ್ಲಿ ನಿಜ ಎಷ್ಟಿದೆ?” ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಕರಪತ್ರದ ಕೆಲಸ ಎರಡು ತಿಂಗಳು ಮುಂದಕ್ಕೆ ಹೋಯಿತು.

ಮೊದಲು ಎದ್ದ ಸಂದೇಹವೆಂದರೆ, ಎಚ್ಚರಿಕೆ ಯಾವುದರ ಬಗೆಗೆ ಎಂಬುದು. ಸುಟ್ಟ ಚರ್ಮಕ್ಕೆ ಕಸಿ ಮಾಡುವುದು, ಹುಟ್ಟಿನಿಂದ ಬಂದ ಸೀಳುತುಟಿಯನ್ನು ಹೊಲಿಯುವುದು, ಕ್ಯಾನ್ಸರಿನಿಂದ ಅಂಗ ಕಳೆದುಕೊಂಡವರಿಗೆ ಅದನ್ನು ಮರಳಿ ರೂಪಿಸುವುದು, ಇವೂ ಪ್ಲಾಸ್ಟಿಕ್ ಸರ್ಜರಿಯೇ. ಕಳೆದುಹೋದ ಮೂಗನ್ನು ಮರಳಿ ಕಟ್ಟುವ ಕ್ರಮವು ಸುಶ್ರುತಸಂಹಿತೆಯಲ್ಲಿಯೇ ಇದೆ. ಮೂರನೆಯ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ ಎತ್ತಿನ ಬಂಡಿಯವನೊಬ್ಬನಿಗೆ, ಪುಣೆಯ ಬಳಿಯ ದೇಶೀಯ ಚಿಕಿತ್ಸಕನೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿಕೊಟ್ಟ ವಿವರ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿ ತಿಳಿದ ಮೇಲೆಯೇ ಇಂಗ್ಲೆಂಡಿನ ವೈದ್ಯರು ಆ ವಿಧಾನವನ್ನು ಪ್ರಯೋಗಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರಗೊಂಡ ಸೈನಿಕರಿಗಾಗಿ 1917ರಲ್ಲಿ ಸಿಡ್‌ಕಪ್‌ನಲ್ಲಿ ತೆರೆದ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲ್ಲೀಸ್ ಎಂಬ ವೈದ್ಯರು ಈ ವಿದ್ಯೆಯನ್ನು ಬಹಳ ಮುಂದಕ್ಕೆ ಒಯ್ದರು. ಇವೆಲ್ಲವೂ ಔಷಧದಾನದ ಪಂಕ್ತಿಗೆ ಸೇರತಕ್ಕ ಕಾರ್ಯಗಳು. ನಾನೂರು ಮನೆಗಳಲ್ಲಿ ಒಂದು ಮನೆಯಲ್ಲಾದರೂ ಬೆಂಕಿಯಿಂದ ಬೆಂದ ಮಗುವೊಂದು ಚಿಕಿತ್ಸೆಗೆ ಕಾದಿರಬಹುದು. ಆ ಮನೆಗೆ ‘ಸಾವಿಗೆ ಆಹ್ವಾನ’ ಎಂಬ ಕಾಗದ ಹೋಗಿ, ತಂದೆತಾಯಿ ಹೆದರಿ ಚಿಕಿತ್ಸೆಯನ್ನು ಬಿಟ್ಟರೆ ಅದರ ಹೊಣೆಯನ್ನು ಹೊರುವವರು ಯಾರು?

ವಾಣಿಜ್ಯದ ಲೆಕ್ಕ ಬಲ್ಲ ಕಾರ್ಯದರ್ಶಿಯವರು ಇಲ್ಲೊಂದು ಉಪಯುಕ್ತವಾದ ಅಂಶವನ್ನು ಸಭೆಯ ಗಮನಕ್ಕೆ ತಂದರು. ಈ ಎರಡು ಬಗೆಯ ಚಿಕಿತ್ಸೆಗಳ ನಡುವಣ ಗೆರೆಯನ್ನು ತೆರಿಗೆಯ ಕಾನೂನು ಸ್ಪಷ್ಟವಾಗಿಯೇ ಎಳೆದಿದೆ. 2009ರಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಸೇವಾ ತೆರಿಗೆಯ ವ್ಯಾಪ್ತಿಗೆ ತರಲಾಯಿತು. 2017ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ಪದ್ಧತಿಯಲ್ಲಿಯೂ ವೈದ್ಯಕೀಯ ಸೇವೆಗೆ ವಿನಾಯಿತಿ ಇದ್ದರೂ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಅದು ದೊರೆಯುವುದಿಲ್ಲ. ಹುಟ್ಟಿನ ದೋಷ, ಬೆಳವಣಿಗೆಯ ವೈಕಲ್ಯ, ಗಾಯ ಅಥವಾ ಅಪಘಾತದಿಂದ ಕೆಟ್ಟ ಅಂಗವನ್ನು ಸರಿಪಡಿಸುವಾಗ ಮಾತ್ರ ದೊರೆಯುತ್ತದೆ. ಆರೋಗ್ಯ ವಿಮೆಯ ಪಾಲಿಸಿಗಳೂ ಕೇವಲ ರೂಪಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯ ವೆಚ್ಚವನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ತರುವಾಯದ ಚಿಕಿತ್ಸೆಗೆ ಈ ನಿಷೇಧವಿಲ್ಲ. ಕರಪತ್ರದ ಮೊದಲ ವಾಕ್ಯವು ಈ ಗೆರೆಯನ್ನೇ ಹೇಳತಕ್ಕದ್ದೆಂದು ತೀರ್ಮಾನವಾಯಿತು.

ಎರಡನೆಯದಾಗಿ ಒಂದೊಂದು ವಾಕ್ಯವನ್ನೂ ಸಮಾಜದವರೇ ಆದ ವೈದ್ಯೆಯೊಬ್ಬರ ಮುಂದೆ ಓದಲಾಯಿತು. ‘ಸಾವು’ ಎಂಬ ಮಾತನ್ನು ಅವರು ಪೂರ್ಣವಾಗಿ ತಳ್ಳಿಹಾಕಲಿಲ್ಲ, ಹಾಗೆಯೇ ಉಳಿಯಗೊಡಲೂ ಇಲ್ಲ. ಇಂತಹ ಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಸುಖವಾಗಿ ಮನೆಗೆ ಮರಳುತ್ತಾರೆ ಎಂಬುದು ನಿಜ. ಅರಿವಳಿಕೆಯ ತೊಡಕು, ರಕ್ತಸ್ರಾವ, ನಂಜು, ಕೊಬ್ಬಿನ ಕಣಗಳು ರಕ್ತನಾಳವನ್ನು ಸೇರಿ ಶ್ವಾಸಕೋಶವನ್ನು ಕಟ್ಟುವುದು ಮೊದಲಾದ ಅಪಾಯಗಳು ಕೆಲವರಿಗೆ ಒದಗುತ್ತವೆ, ಮತ್ತು ಒದಗಿದಾಗ ಅವು ಪ್ರಾಣಾಂತಿಕವಾಗಬಲ್ಲವು ಎಂಬುದೂ ನಿಜ. ಕೊಬ್ಬನ್ನು ಹೀರಿ ತೆಗೆಯುವುದು ತೂಕ ಇಳಿಸುವ ಉಪಾಯವಲ್ಲ. ಒಂದೇ ಬಾರಿಗೆ 5 ಲೀಟರಿಗಿಂತ ಹೆಚ್ಚು ತೆಗೆಯುವುದನ್ನು ಶಸ್ತ್ರವೈದ್ಯರೇ ಅಧಿಕ ಪ್ರಮಾಣವೆಂದು ಪರಿಗಣಿಸಿ, ರೋಗಿಯು ರಾತ್ರಿಯಿಡೀ ಆಸ್ಪತ್ರೆಯ ನಿಗಾದಲ್ಲಿರಬೇಕೆನ್ನುತ್ತಾರೆ. ಮೂಗಿನ ಶಸ್ತ್ರಚಿಕಿತ್ಸೆಯ ಬಾವು ಪೂರ್ತಿ ಇಳಿದು ನಿಜವಾದ ಆಕಾರ ತಿಳಿಯಲು ಸುಮಾರು ಒಂದು ವರ್ಷ ಬೇಕಾಗುತ್ತದೆ. ಕೆಲವರಿಗೆ ಉಸಿರಾಟದ ತೊಂದರೆಯುಂಟಾಗಿ ಮತ್ತೊಮ್ಮೆ ಕತ್ತರಿಸಬೇಕಾಗುತ್ತದೆ. ದೇಹದೊಳಗಿಡುವ ಸಿಲಿಕೋನ್ ಸಾಧನಗಳು ಆಜೀವಪರ್ಯಂತ ಬಾಳುವ ವಸ್ತುಗಳಲ್ಲ.

ಈ ಕೊನೆಯ ಮಾತಿಗೆ ವ್ಯಾಪಾರಿಗಳು ಮರೆಯಬಾರದ ನಿದರ್ಶನವೊಂದಿದೆ. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿಯು ಸ್ತ್ರೀಯರ ದೇಹದೊಳಗಿಡುವ ಸಾಧನಗಳಿಗೆ, ವೈದ್ಯಕೀಯ ಬಳಕೆಗೆ ಒಪ್ಪಿಗೆ ಪಡೆದ ಸಿಲಿಕೋನಿನ ಬದಲು ಅಗ್ಗದ ಕೈಗಾರಿಕಾ ಸಿಲಿಕೋನನ್ನು ತುಂಬಿ ಹಲವು ದೇಶಗಳಿಗೆ ಮಾರಿತು. 2010ರಲ್ಲಿ ವಂಚನೆ ಹೊರಬಿದ್ದು ಮಾರಾಟ ನಿಂತಿತು. 2013ರ ಡಿಸೆಂಬರಿನಲ್ಲಿ ಕಂಪನಿಯ ಸ್ಥಾಪಕನಿಗೆ ನಾಲ್ಕು ವರ್ಷಗಳ ಸೆರೆಮನೆ ವಿಧಿಸಲಾಯಿತು. ಅಚೌರ್ಯವ್ರತದ ಅತಿಚಾರಗಳಲ್ಲಿ ಹೇಳಿರುವ ಪ್ರತಿರೂಪಕ ವ್ಯವಹಾರವೆಂದರೆ ಇದೇ. ತುಪ್ಪದಲ್ಲಿ ಕಲಬೆರಕೆ ಮಾಡಿದವನು ಸಿಕ್ಕಿಬಿದ್ದಾಗ ಡಬ್ಬಿಯನ್ನು ಎಸೆದುಬಿಡಬಹುದು. ದೇಹದೊಳಗೆ ಸೇರಿದ ಕಲಬೆರಕೆಯನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕು. ಈ ಸತ್ಯಗಳೇ ಸಾಕಷ್ಟು ಬಲವಾಗಿರುವಾಗ ಅವುಗಳ ಮೇಲೆ ಉತ್ಪ್ರೇಕ್ಷೆಯ ಬಣ್ಣ ಬಳಿದರೆ ಅದು ಮಿಥ್ಯೋಪದೇಶವಾಗುತ್ತದೆ. ಚಿಕಿತ್ಸೆ ಮಾಡಿಸಿಕೊಂಡು ಆರೋಗ್ಯವಾಗಿರುವ ಒಬ್ಬಳು ಗೆಳತಿಯನ್ನು ಕಂಡೊಡನೆಯೇ ಓದುಗಳು ಕರಪತ್ರವನ್ನು ಸುಳ್ಳೆಂದು ಬದಿಗಿಡುತ್ತಾಳೆ. ಅದರೊಂದಿಗೆ ಅದರೊಳಗಿದ್ದ ನಿಜವೂ ಬದಿಗೆ ಬೀಳುತ್ತದೆ.

ಮೂರನೆಯದಾಗಿ ಚಿತ್ರದ ಪ್ರಶ್ನೆ. ಆ ವಿಕಾರವಾದ ಮುಖ ಯಾರದೆಂದು ಯಾರಿಗೂ ತಿಳಿದಿರಲಿಲ್ಲ. ಅದು ಶಸ್ತ್ರಚಿಕಿತ್ಸೆಯಿಂದಲೇ ಹಾಗಾಯಿತೋ, ಬೇರೆ ವ್ಯಾಧಿಯಿಂದಲೋ ಎಂಬುದೂ ತಿಳಿಯದು. ಚಿಕಿತ್ಸಾಲಯಗಳು ‘ಮೊದಲು’ ಮತ್ತು ‘ಅನಂತರ’ ಎಂಬ ಜೋಡಿ ಚಿತ್ರಗಳನ್ನು ಅಚ್ಚು ಹಾಕುವಾಗ ಮೊದಲನೆಯದಕ್ಕೆ ಮಂಕು ಬೆಳಕು, ಎರಡನೆಯದಕ್ಕೆ ಪ್ರಖರವಾದ ಬೆಳಕು ಹಾಯಿಸಬಹುದು. ನೂರರಲ್ಲಿ ಚೆನ್ನಾಗಿ ಬಂದ ಒಂದನ್ನೇ ಆರಿಸಬಹುದು. ಎಚ್ಚರಿಕೆಯ ಕರಪತ್ರವು ನೂರರಲ್ಲಿ ಕೆಟ್ಟದಾಗಿ ಬಂದ ಒಂದನ್ನು ಆರಿಸಿದರೆ ಎರಡಕ್ಕೂ ಏನು ವ್ಯತ್ಯಾಸ? ಒಂದು ಆಸೆ ಹುಟ್ಟಿಸುವ ಕೂಟಲೇಖ, ಇನ್ನೊಂದು ಭಯ ಹುಟ್ಟಿಸುವ ಕೂಟಲೇಖ. ಸತ್ಯವ್ರತದ ಭಾವನೆಗಳಲ್ಲಿ ಕ್ರೋಧ, ಲೋಭ, ಹಾಸ್ಯಗಳ ಜೊತೆಗೆ ಭೀರುತ್ವವನ್ನೂ ತ್ಯಜಿಸಬೇಕೆಂದು ಹೇಳಿರುವುದು ಇಲ್ಲಿ ಸ್ಮರಣೀಯ. ಇದಲ್ಲದೆ ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ರೋಗಿಯಾದ ಮುನಿಯ ರೂಪದಲ್ಲಿ ಬಂದ ದೇವನು ಮೈಮೇಲೆ ವಮನ ಮಾಡಿದರೂ ಹೇಸದೆ ಸೇವೆಗೈದ ಉದ್ದಾಯನ ರಾಜನ ಕಥೆಯನ್ನು ಮಕ್ಕಳಿಗೆ ಹೇಳುವ ಸಮಾಜವು, ಒಬ್ಬ ರೋಗಿಯ ಮುಖವನ್ನು ಹೇಸಿಗೆ ಹುಟ್ಟಿಸಲೆಂದು ಅಚ್ಚು ಹಾಕುವುದು ಹೇಗೆ ಸಮ್ಮತವಾದೀತು? ಚಿತ್ರವನ್ನು ತೆಗೆದುಹಾಕಲಾಯಿತು.

ನಾಲ್ಕನೆಯ ತೊಡಕು ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಸಮಾಜದ ಒಂದು ಮನೆಯ ಸಂಗತಿಯನ್ನು ಹೆಸರು ಹೇಳದೆ ಉದಾಹರಣೆಯಾಗಿ ಸೇರಿಸಿದರೆ ಓದುಗರ ಮನಸ್ಸಿಗೆ ನಾಟುತ್ತದೆ ಎಂದು ಒಬ್ಬ ಸದಸ್ಯರು ಸೂಚಿಸಿದರು. ಮುಖ್ಯೋಪಾಧ್ಯಾಯಿನಿಯವರು, “ನಾನೂರು ಮನೆಯ ಊರಿನಲ್ಲಿ ಹೆಸರು ಬಿಟ್ಟರೆ ಗುಟ್ಟು ಉಳಿಯುತ್ತದೆಯೇ? ಕಾಗದ ಓದಿದ ಸಂಜೆಯೇ ಹೆಂಗಸರ ಸ್ವಾಧ್ಯಾಯದಲ್ಲಿ ಎಲ್ಲರೂ ಆ ಮಗುವಿನ ಕಡೆಗೆ ತಿರುಗಿ ನೋಡುತ್ತಾರೆ” ಎಂದರು. ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದೇ ರಹೋಭ್ಯಾಖ್ಯಾನ. ತನ್ನ ಮನೆಯ ರತ್ನವನ್ನು ಕದ್ದ ವೇಷಧಾರಿಯು ಸಿಕ್ಕಿಬಿದ್ದಾಗ, ಧರ್ಮಕ್ಕೆ ಅಪವಾದ ಬಾರದಿರಲೆಂದು, ತಾನೇ ಅದನ್ನು ತರಿಸಿದೆನೆಂದು ಹೇಳಿ ಮುಚ್ಚಿದ ಜಿನೇಂದ್ರಭಕ್ತ ಶ್ರೇಷ್ಠಿಯು ಉಪಗೂಹನ ಅಂಗಕ್ಕೆ ನಿದರ್ಶನನಾದನು. ಕಳ್ಳನ ವಿಷಯದಲ್ಲಿಯೇ ಆ ಬಗೆಯ ಸಂಯಮವಿದ್ದ ಮೇಲೆ, ಯಾರಿಗೂ ಕೇಡು ಮಾಡದ ಒಂದು ಎಳೆಯ ಜೀವದ ವಿಷಯದಲ್ಲಿ ಎಷ್ಟಿರಬೇಕು! ಆ ಸಂಗತಿ ಕರಪತ್ರದಲ್ಲಿ ಬರಲಿಲ್ಲ. ಇಲ್ಲಿಯೂ ಅದನ್ನು ಹೇಳಬೇಕಾಗಿಲ್ಲ.

ಇದಕ್ಕೆ ಹೊಂದಿಕೊಂಡಂತೆ, ವಿವಾಹಯೋಗ್ಯ ವಯಸ್ಸಿನ ಮಕ್ಕಳಿರುವ ಮನೆಗಳಿಗೆ ಮಾತ್ರ ಕಳುಹಿಸಿದರೆ ಅಂಚೆಯ ವೆಚ್ಚ ಉಳಿಯುತ್ತದೆ ಎಂಬ ಸಲಹೆಯೂ ಬಂದಿತ್ತು. ಒಬ್ಬರ ಚರ್ಯೆಯಿಂದ ಅವರ ಮನೋಗತವನ್ನು ಊಹಿಸಿ ಪ್ರಕಟಿಸುವುದನ್ನು ಸಾಕಾರಮಂತ್ರಭೇದವೆಂದು ಕರೆದಿದ್ದಾರೆ. ಆರಿಸಿದ ಮನೆಗೆ ಬಂದ ಲಕೋಟೆಯು ‘ನಿಮ್ಮ ಮಗಳ ಮೇಲೆ ನಮಗೆ ಅನುಮಾನವಿದೆ’ ಎಂದು ತೆರೆಯುವ ಮೊದಲೇ ಹೇಳಿಬಿಡುತ್ತದೆ. ಆದುದರಿಂದ ದಫ್ತರದಲ್ಲಿರುವ ಕ್ರಮದಲ್ಲಿಯೇ, ಮಕ್ಕಳಿರುವ ಮನೆ, ಇಲ್ಲದ ಮನೆ ಎಂಬ ಭೇದವಿಲ್ಲದೆ, ಎಲ್ಲರಿಗೂ ಕಳುಹಿಸುವುದೆಂದಾಯಿತು. ಲಕೋಟೆಯ ಮೇಲೆ ಬಸದಿಯ ಹೆಸರನ್ನು ಬಿಟ್ಟು ವಿಷಯವನ್ನು ಸೂಚಿಸುವ ಯಾವ ಮಾತೂ ಇರಬಾರದೆಂದೂ ತೀರ್ಮಾನಿಸಿದರು.

ವೆಚ್ಚದ ಮಾತು ಬಂದಾಗ ಲೋಭದ ಪರೀಕ್ಷೆಯೂ ಬಂದಿತು. ನಗರದ ಒಂದು ಚರ್ಮ ಮತ್ತು ಸೌಂದರ್ಯ ಚಿಕಿತ್ಸಾಲಯದವರು ಬಹುವರ್ಣದ ಮುದ್ರಣ, ನುಣುಪಾದ ಆರ್ಟ್ ಪೇಪರ್, ಅಂಚೆ ಎಲ್ಲದರ ಖರ್ಚನ್ನೂ ತಾವೇ ವಹಿಸುವುದಾಗಿ ತಿಳಿಸಿದರು. ಅದಕ್ಕೆ ಪ್ರತಿಯಾಗಿ ಕೊನೆಯ ಪುಟದಲ್ಲಿ ‘ಸುರಕ್ಷಿತ ಚಿಕಿತ್ಸೆಗಾಗಿ ಸಂಪರ್ಕಿಸಿ’ ಎಂದು ಅವರ ಹೆಸರಿರಬೇಕು. ವಿಳಾಸಗಳ ಪಟ್ಟಿಯ ಒಂದು ಪ್ರತಿಯನ್ನು ಅವರಿಗೆ ಕೊಡಬೇಕು. ಪೂಜೆ, ಪರ್ವ, ವಿವಾಹಗಳ ಆಹ್ವಾನಕ್ಕಾಗಿ ಮನೆಯವರು ನಂಬಿ ಬರೆಸಿದ ವಿಳಾಸವು ಬಸದಿಯಲ್ಲಿ ಇಟ್ಟ ನ್ಯಾಸ. ಅದನ್ನು ಮೂರನೆಯವರಿಗೆ ದಾಟಿಸುವುದು ಅಡವಿಟ್ಟ ಒಡವೆಯನ್ನು ಒಡೆಯನಿಗೆ ತಿಳಿಸದೆ ಬಾಡಿಗೆಗೆ ಕೊಟ್ಟಂತೆ. ಅಧ್ಯಕ್ಷರು ಆ ಪ್ರಸ್ತಾಪವನ್ನು ವಿನಯದಿಂದಲೇ ನಿರಾಕರಿಸಿದರು. ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದು ಅನೈತಿಕವೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೂ ಹೇಳುತ್ತದೆ. 1954ರಷ್ಟು ಹಿಂದೆಯೇ, ಬೊಜ್ಜನ್ನು ಕರಗಿಸುವುದಾಗಿ, ದೇಹದ ಎತ್ತರವನ್ನೋ ಸ್ತನದ ಆಕಾರವನ್ನೋ ಬದಲಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು ಶಾಸನವು ನಿಷೇಧಿಸಿತು. ಆ ಶಾಸನದಲ್ಲಿ ‘ಜಾಹೀರಾತು’ ಎಂಬ ಪದದೊಳಗೆ ಸುತ್ತೋಲೆಯೂ ಸೇರಿದೆ.

ಹೊರಗಿನ ಹಣ ಬೇಡವೆಂದ ಮೇಲೆ ರೂಪವು ತಾನಾಗಿ ಸರಳವಾಯಿತು. ಎ4 ಅಳತೆಯ, ಎಂದರೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದದ ಒಂದೇ ಹಾಳೆ. ಎರಡು ಮಡಿಕೆಗೆ ಆರು ಪುಟ. 110 ಮತ್ತು 220 ಮಿಲಿಮೀಟರಿನ ಲಕೋಟೆಯಲ್ಲಿ ಸರಿಯಾಗಿ ಕೂರುತ್ತದೆ. ಕಾಗದವು 90 ಜಿ.ಎಸ್.ಎಂ. ಮ್ಯಾಪ್‌ಲಿಥೋ. ದಪ್ಪ ಹೆಚ್ಚಿದರೆ ತೂಕವೂ ಅಂಚೆಯ ದರವೂ ಹೆಚ್ಚುತ್ತವೆ. ತೀರ ತೆಳುವಾದರೆ ಹಿಂಬದಿಯ ಅಕ್ಷರ ಮುಂಬದಿಗೆ ಇಣುಕುತ್ತದೆ. ಮಸಿ ಕಪ್ಪು ಒಂದೇ. ಕನ್ನಡಕ ಹಾಕಿಕೊಳ್ಳುವ ಅಜ್ಜಿಯೂ ಓದುವಂತೆ ಅಕ್ಷರ ದೊಡ್ಡದಿರಬೇಕು. ಅದಕ್ಕಾಗಿ ಮಾತು ಕಡಿಮೆಯಾಗಬೇಕು. ‘ಕೆಂಪು ಬೇಡವೇ?’ ಎಂದು ಮುದ್ರಣಾಲಯದ ಮಾಲೀಕರು ಕೇಳಿದಾಗ, ಕೆಂಪು ಬಣ್ಣವು ಓದುವುದಕ್ಕೆ ಮೊದಲೇ ತೀರ್ಪು ಹೇಳುತ್ತದೆ ಎಂದು ಯುವಕ ಸದಸ್ಯನೇ ಉತ್ತರ ಕೊಟ್ಟನು.

ಇನ್ನು ಉಳಿದುದು ಹಾಸ್ಯ ಮತ್ತು ಅಶುಚಿತ್ವದ ವರ್ಣನೆ. ದೇಹದ ಅಶುಚಿತ್ವವನ್ನು ಚಿಂತಿಸುವುದು ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾಗಿರುವಾಗ ಅದನ್ನು ತೆಗೆಯುವುದು ಧರ್ಮಕ್ಕೆ ಲೋಪವಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಮುಖ್ಯೋಪಾಧ್ಯಾಯಿನಿಯವರ ಉತ್ತರ ಹೀಗಿತ್ತು: “ಅನುಪ್ರೇಕ್ಷೆ ತನ್ನನ್ನು ತಾನು ಕುರಿತು ಮಾಡಿಕೊಳ್ಳುವುದು, ಸ್ವಾಮಿ. ಹದಿನೆಂಟು ವರ್ಷದ ಹುಡುಗಿ ಈಗಾಗಲೇ ಕನ್ನಡಿ ನೋಡಿ ತನ್ನ ದೇಹವನ್ನು ಹೇಸುತ್ತಿದ್ದಾಳೆ. ಆ ಹೇಸಿಗೆಗೆ ಶಾಸ್ತ್ರದ ಮುದ್ರೆಯನ್ನೂ ಒತ್ತಿ ಕಳುಹಿಸಬೇಕೇ?” ಕೆಲಹೊತ್ತು ಯಾರೂ ಮಾತನಾಡಲಿಲ್ಲ. ತನ್ನ ದೇಹದಲ್ಲಿ ಇತರರಿಗೆ ಕಾಣದ ಕುಂದನ್ನು ಕಾಣುತ್ತ, ದಿನದ ಹಲವು ಗಂಟೆಗಳನ್ನು ಅದೇ ಚಿಂತೆಯಲ್ಲಿ ಕಳೆಯುವ ಮನೋವ್ಯಾಧಿಯೊಂದು ಇದೆಯೆಂದೂ, ಅಂತಹವರಿಗೆ ಶಸ್ತ್ರಚಿಕಿತ್ಸೆಯಿಂದ ಸಮಾಧಾನ ದೊರೆಯುವುದು ಅಪರೂಪವೆಂದೂ, ಆಪ್ತಸಲಹೆ ಮತ್ತು ಔಷಧಗಳಿಂದ ಗುಣವಾಗುವ ಸಾಧ್ಯತೆ ಹೆಚ್ಚೆಂದೂ ವೈದ್ಯೆಯು ವಿವರಿಸಿದರು.

ಹಾಗಾದರೆ ಅಂತಹ ಮನಸ್ಸಿಗೆ ಜೈನಶಾಸ್ತ್ರವು ಹೇಳುವುದೇನೂ ಇಲ್ಲವೇ? ಇದೆ, ಮತ್ತು ಅದು ಹೇಸಿಗೆಗಿಂತ ಬಹಳ ಎತ್ತರದ ಮಾತು. ದೇಹದ ಆಕಾರವು ನಾಮಕರ್ಮದ ಫಲ. ಸಮಚತುರಸ್ರವೆಂಬ ಸರ್ವಾಂಗಸುಂದರವಾದ ಆಕಾರದಿಂದ ಹಿಡಿದು ಕುಬ್ಜ, ವಾಮನ, ಹುಂಡ ಎಂಬವುಗಳವರೆಗೆ ಆರು ಸಂಸ್ಥಾನಗಳನ್ನು ಹೇಳಿದ್ದಾರೆ. ಕರ್ಮಗ್ರಂಥಗಳು ಈ ಆರು ಸಂಸ್ಥಾನಗಳ ಉದಯವನ್ನೂ ಹದಿಮೂರನೆಯ ಗುಣಸ್ಥಾನದವರೆಗೆ ಒಪ್ಪುತ್ತವೆ. ಎಂದರೆ ಗೂನುಬೆನ್ನಿನವನಿಗೂ, ಅಂಗಾಂಗಗಳು ಅಳತೆಗೆ ಸರಿಬಾರದವನಿಗೂ ಕೇವಲಜ್ಞಾನವು ಆಗಬಹುದು. ಆಕಾರವು ಅದಕ್ಕೆ ಅಡ್ಡಿಯಲ್ಲ. ಆತ್ಮನು ಅಷ್ಟೆತ್ತರಕ್ಕೆ ಏರಲು ಅಡ್ಡಿಯಾಗದ ಮೂಗಿನ ಆಕಾರವು ಒಂದು ಮದುವೆಗೆ ಅಡ್ಡಿಯಾಗುತ್ತದೆ ಎಂದು ಶ್ರಾವಕರ ಮನೆಯಲ್ಲಿ ಹೇಳುವುದಾದರೆ ತಪ್ಪು ಮೂಗಿನದಲ್ಲ. ರೂಪದ ಹೆಮ್ಮೆಯನ್ನು ಎಂಟು ಮದಗಳಲ್ಲಿ ಎಣಿಸಿರುವುದು ರೂಪವಂತರಿಗೆ ಹೇಳಿದ ಎಚ್ಚರಿಕೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದಾದ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ದೇವತೆಗಳು ಬಂದು ನೋಡುವಂತಿದ್ದ ರೂಪವು ಕ್ಷಯಿಸುವುದನ್ನರಿತು ಆತನು ರಾಜ್ಯವನ್ನೇ ತೊರೆದನು. ಮುಂದೆ ವೈದ್ಯನ ವೇಷದಲ್ಲಿ ಬಂದ ದೇವನು ಮೈಯ ರೋಗವನ್ನು ಗುಣಪಡಿಸುವೆನೆಂದಾಗ, ಭವರೋಗಕ್ಕೆ ಮದ್ದುಂಟೇ ಎಂದು ಕೇಳಿದನು.

ಈ ವಿಚಾರದಿಂದ ಕರಪತ್ರದ ದಿಕ್ಕೇ ಬದಲಾಯಿತು. ಅಂಚೆಯ ಕಾಗದವನ್ನು ಮೊದಲು ಒಡೆಯುವವರು ಹಿರಿಯರು. ಮೂಗು ಚಪ್ಪಟೆ, ಬಣ್ಣ ಕಪ್ಪು, ಹಲ್ಲು ಉಬ್ಬು ಎಂಬ ಮಾತುಗಳನ್ನು ಮಕ್ಕಳು ಮೊದಲು ಕೇಳುವುದೂ ಹಿರಿಯರ ಬಾಯಿಂದಲೇ. ಸಂಬಂಧ ನೋಡಲು ಬಂದವರ ಬಾಯಿಂದ ಎರಡನೆಯ ಸಲ ಕೇಳುತ್ತಾರೆ. ಜಾಹೀರಾತು ಬಿತ್ತುವ ಬೀಜಕ್ಕೆ ನೆಲವನ್ನು ಹದಮಾಡಿಕೊಟ್ಟದ್ದು ಮನೆಯೇ. ಆದುದರಿಂದ ಎಚ್ಚರಿಕೆಯ ಮೊದಲ ಪಾಲು ಹಿರಿಯರಿಗೆ, ಎರಡನೆಯದು ಮಕ್ಕಳಿಗೆ ಎಂದು ನಿರ್ಧರಿಸಲಾಯಿತು. ವೈದ್ಯರನ್ನು ಬಯ್ಯುವ ವಾಕ್ಯಗಳ ಸ್ಥಳದಲ್ಲಿ ವೈದ್ಯರನ್ನು ಕೇಳತಕ್ಕ ಪ್ರಶ್ನೆಗಳು ಬಂದವು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ಉಪಾಯಗಳನ್ನು ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂದೂ, ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಮತ್ತೊಂದಕ್ಕೆ ಸಲ್ಲದೆಂದೂ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕಾರ್ಯಾಗಾರಗಳನ್ನೋ ಯೂಟ್ಯೂಬ್ ಚಿತ್ರಗಳನ್ನೋ ನೋಡಿದ್ದು ಇಂತಹ ಚಿಕಿತ್ಸೆಗೆ ಸಾಕಾದ ತರಬೇತಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಕೂದಲು ನಾಟಿಯನ್ನು ಕುರಿತ ಮಾರ್ಗಸೂಚಿಯಲ್ಲಿ ಹೇಳಿದೆ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕಾಯ್ದೆಯ ಮೇರೆಗೆ ನೋಂದಾಯಿತವಾಗಿರಬೇಕು. ಪ್ರಶ್ನೆಗಳು ಈ ಆಧಾರಗಳ ಮೇಲೆ ನಿಂತವು.

ಕೊನೆಗೆ ಅಂಗೀಕೃತವಾದ ಪಾಠ ಇದು:

“ಜೈ ಜಿನೇಂದ್ರ. ಸುಟ್ಟಗಾಯ, ಅಪಘಾತ, ಹುಟ್ಟಿನ ದೋಷ ಅಥವಾ ರೋಗದ ಕಾರಣದಿಂದ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯನ್ನು ಕುರಿತು ಈ ಪತ್ರ ಬರೆದಿಲ್ಲ. ಅಂತಹ ಚಿಕಿತ್ಸೆ ಅಗತ್ಯವಿದ್ದರೆ ತಡಮಾಡಬೇಡಿ; ಹಣದ ಅಡಚಣೆಯಿದ್ದರೆ ಬಸದಿಯ ಕಾರ್ಯದರ್ಶಿಯವರಿಗೆ ತಿಳಿಸಿ.

ಹಿರಿಯರಲ್ಲಿ ವಿನಂತಿ: ಮಕ್ಕಳ ಬಣ್ಣ, ಮೂಗು, ಮೈಕಟ್ಟುಗಳನ್ನು ಕುರಿತು ಮನೆಯಲ್ಲಾಗಲಿ, ಸಂಬಂಧ ನೋಡುವಾಗಲಾಗಲಿ ಹೀನಾಯದ ಮಾತು ಆಡದಿರೋಣ.

ಮಕ್ಕಳಿಗೆ: ಕೇವಲ ರೂಪಕ್ಕಾಗಿ ಮಾಡಿಸಿಕೊಳ್ಳುವುದಾದರೂ ಶಸ್ತ್ರಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಹೆಚ್ಚಿನವರು ಸುಖವಾಗಿ ಮನೆಗೆ ಬರುತ್ತಾರೆ. ಕೆಲವರಿಗೆ ನಂಜು, ರಕ್ತಸ್ರಾವ, ಅರಿವಳಿಕೆಯ ತೊಡಕು ಉಂಟಾಗುತ್ತದೆ, ಪ್ರಾಣಹಾನಿಯಾದದ್ದೂ ಉಂಟು. ವಿಮೆಯ ಹಣ ಸಾಮಾನ್ಯವಾಗಿ ಬರುವುದಿಲ್ಲ. ನಿರ್ಧರಿಸುವ ಮೊದಲು ಕೇಳಿ: ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ? ಚಿಕಿತ್ಸಾಲಯದ ನೋಂದಣಿ ಸಂಖ್ಯೆ ಏನು? ಅರಿವಳಿಕೆ ಕೊಡುವ ತಜ್ಞರು ಯಾರು? ಕಷ್ಟ ಬಂದರೆ ತೀವ್ರ ನಿಗಾ ಘಟಕ ಎಲ್ಲಿದೆ? ಎರಡನೆಯ ಸಲ ಕತ್ತರಿಸಬೇಕಾದರೆ ಖರ್ಚು ಯಾರದು? ಉತ್ತರಗಳನ್ನು ಬರೆದುಕೊಂಡು ಮನೆಗೆ ಬನ್ನಿ. ಮುಂಗಡ ಕೊಡುವ ಮೊದಲು ಮತ್ತೊಬ್ಬ ವೈದ್ಯರನ್ನು ಕಾಣಿ.

ಕನ್ನಡಿ ನೋಡುವುದೇ ಸಂಕಟವಾಗಿದ್ದರೆ ಅದನ್ನು ಯಾರಲ್ಲಾದರೂ ಹೇಳಿಕೊಳ್ಳಿ. ಸರಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಬಹುದು. ಈಗಾಗಲೇ ಚಿಕಿತ್ಸೆ ಮಾಡಿಸಿಕೊಂಡವರು ಸಮಾಜದಲ್ಲಿ ಎಲ್ಲರಂತೆಯೇ ಗೌರವಾರ್ಹರು.”

ಕೊನೆಯ ವಾಕ್ಯವನ್ನು ಸೇರಿಸಿದವನು ಮೊದಲ ಕರಡನ್ನು ಬರೆದ ಯುವಕ. ಸತ್ಯವ್ರತದ ಐದನೆಯ ಭಾವನೆಯಾದ ಅನುವೀಚಿ ಭಾಷಣ, ಎಂದರೆ ವಿಚಾರ ಮಾಡಿ ಆಡುವ ಮಾತು, ಕಾಗದದ ಮೇಲೆ ಹೀಗೆ ಇಳಿದು ಬಂದಿತು. ಅದರಲ್ಲಿ ಜ್ಞಾನದಾನದ ಅಂಶವಿದೆ, ಅಭಯದಾನದ ಅಂಶವೂ ಇದೆ.

ಪ್ರತಿಯೊಂದು ಮುದ್ರಿತ ಕಾಗದದ ಮೇಲೂ ಮುದ್ರಕನ ಹೆಸರು, ಸ್ಥಳಗಳಿರಬೇಕೆಂದು 1867ರ ಮುದ್ರಣ ಕಾಯ್ದೆ ವಿಧಿಸಿತ್ತು. ಅದರ ಬದಲಿಗೆ 2023ರಲ್ಲಿ ಹೊಸ ಕಾಯ್ದೆಯಾಗಿ, 2024ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. ಕಾನೂನು ಕೇಳಲಿ ಬಿಡಲಿ, ಬರೆದ ಮಾತಿಗೆ ಹೊಣೆಗಾರರು ಯಾರೆಂದು ತಿಳಿಸುವುದು ಧರ್ಮವೆಂದು ಬಗೆದು, ಕರಪತ್ರದ ಕೆಳಗೆ ಮುದ್ರಣಾಲಯ, ಮಂಡಳಿ, ಮುದ್ರಣದ ತಿಂಗಳು ಮತ್ತು ವರ್ಷಗಳನ್ನು ಅಚ್ಚು ಹಾಕಿಸಿದರು. ದಶಲಕ್ಷಣ ಪರ್ವಕ್ಕೆ ಮೊದಲು ಅದು ಎಲ್ಲ ಮನೆಗಳನ್ನೂ ಸೇರಿತು. ಉತ್ತಮ ಸತ್ಯದ ದಿನ ಬಸದಿಯಲ್ಲಿ ಅದನ್ನು ಒಮ್ಮೆ ಗಟ್ಟಿಯಾಗಿ ಓದಲಾಯಿತು. ಇತರ ಬಸದಿಗಳ ವಿಶ್ವಸ್ತರು ಇದನ್ನು ತಮ್ಮ ಊರಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು. ಮರುಮುದ್ರಣಕ್ಕೆ ಮುಂಚೆ ಕಾನೂನು, ಪದವಿಗಳ ಹೆಸರು, ದೂರವಾಣಿಯ ಸಂಖ್ಯೆ ಇವುಗಳನ್ನು ಬಲ್ಲವರೊಬ್ಬರಿಂದ ಮತ್ತೊಮ್ಮೆ ಪರಿಶೀಲಿಸಿಕೊಳ್ಳುವುದು ಮಾತ್ರ ಅಗತ್ಯ. ಕಳೆದ ವರ್ಷ ನಿಜವಾಗಿದ್ದ ಸಂಖ್ಯೆಯು ಈ ವರ್ಷ ಬದಲಾಗಿದ್ದರೆ, ಕಷ್ಟದಲ್ಲಿ ಕರೆಮಾಡಿದವರಿಗೆ ಆ ಕಡೆಯಿಂದ ಉತ್ತರ ಬರುವುದಿಲ್ಲ.